ಹಣ್ಣಾದ ಅಂಗಿ

ಇಸ್ತ್ರಿಯಮ್ಮನ ಮನೆಯಲ್ಲಿ ಬಟ್ಟೆ ಸುಡುವುದಿಲ್ಲ, ಹಣ್ಣಾಗುತ್ತದೆ. ಮುಂದಿನ ಕೋಣೆಯೇ ಅಂಗಡಿ, ಗಿರಾಕಿ ಮೇಜಿನ ಎದುರಿಗೇ ನಿಂತಿರುತ್ತಾನೆ. ಅವನ ಮುಂದೆ "ಅಂಗಿ ಸುಟ್ಟುಹೋಯ್ತು" ಎಂದು ಬಾಯಿಬಿಟ್ಟರೆ ಅವನೂ ಹೋದ, ಅವನ ಓಣಿಯೂ ಹೋಯಿತು. ಅದಕ್ಕೇ ಅತ್ತೆ ಕಲಿಸಿದ ಗುಟ್ಟಿನ ಮಾತು: "ಅತ್ತೆ, ಹಣ್ಣಾಯ್ತು." ಹಾಗಂದ ಕೂಡಲೇ ಒಳಗಿದ್ದವರು ಬಂದು ಗಿರಾಕಿಯನ್ನು ಕೂರಿಸಿ, ನೀರು ಕೊಟ್ಟು, ಮೆಲ್ಲಗೆ ನಿಜ ಹೇಳಿ, ಹೊಸ ಅಂಗಿ ಕೊಡುವ ಮಾತಾಡಿ ಕಳಿಸಬೇಕು. ಸುಟ್ಟ ಅಂಗಿ ಮನೆಯಲ್ಲೇ ಉಳಿಯುತ್ತದೆ. ಅದರ ಕಾಲರಿನ ಒಳಗೆ ಸುಟ್ಟವರ ಗುರುತನ್ನು ಕೆಂಪು ದಾರದಲ್ಲಿ ಹೊಲಿದು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕುತ್ತಾರೆ. ಮೂವತ್ತು ವರ್ಷಕ್ಕೆ ಆ ಮೊಳೆಯಲ್ಲಿ ನಾಲ್ಕೇ ಅಂಗಿ.

ಅದರಲ್ಲಿ ಎರಡನೆಯದನ್ನು ಸುಟ್ಟದ್ದು ಇಸ್ತ್ರಿಯಮ್ಮ, ಮದುವೆಯಾಗಿ ಬಂದ ಮೊದಲ ವಾರ. ಅದರ ಕಾಲರಿನಲ್ಲಿ ಇರುವುದು ಮಾತ್ರ ಅತ್ತೆಯ ಗುರುತು, ಎರಡು ಅಡ್ಡಗೆರೆ. "ಮೊದಲನೇ ವಾರವೇ ನಿನ್ನ ಹೆಸರು ಯಾಕೆ ಕೆಡಬೇಕು" ಅಂದಿದ್ದಳು ಅತ್ತೆ. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈ ಮನೆಯ ಮಗಳು ಗಿರಾಕಿಗಳ ಚೀಟಿಯ ಹಿಂದೆ ಕಥೆ ಬರೆದೂ ಬರೆದೂ ಅವಳಿಗೆ ಚೀಟಿ ಎಂದೇ ಹೆಸರು ಬಿದ್ದಿತ್ತು. ಒಮ್ಮೆ ವಕೀಲರ ಕೋಟಿನ ಜೇಬಿನಲ್ಲಿ ಅರ್ಧ ಕಥೆ ಹೋಗಿಬಿಟ್ಟು, ಉಳಿದರ್ಧ ಎಲ್ಲಿ ಎಂದು ವಕೀಲರೇ ಹುಡುಕಿಕೊಂಡು ಬಂದಿದ್ದರು. ಇಪ್ಪತ್ತಾರನೇ ವಯಸ್ಸಿಗೆ ಅವಳಿಗೆ ಟೀವಿ ಚಾನೆಲ್ಲಿನಲ್ಲಿ ಕೆಲಸ ಸಿಕ್ಕಿತು. "ಹೊಸ ದನಿ" ಎಂಬ ಯೋಜನೆ. ಇಷ್ಟು ದಿನ ಒಂದೇ ತರಹದ ಮನೆಗಳಿಂದ ಬಂದ ಒಂದೇ ತರಹದ ಗಂಡಸರು ಧಾರಾವಾಹಿ ಬರೆದರು, ಇನ್ನು ಮುಂದೆ ಎಲ್ಲರಿಗೂ ಜಾಗ ಎಂದು ಚಾನೆಲ್ಲು ಡಂಗುರ ಹೊಡೆದಿತ್ತು. ಚೀಟಿಯ ಜೊತೆ ಗಾಲಿಕುರ್ಚಿಯ ಹುಡುಗನೊಬ್ಬ, ಊರು ಬಿಟ್ಟು ಓಡಿಬಂದ ನಿರಾಶ್ರಿತರ ಪೈಕಿಯ ನರ್ಸಮ್ಮ ಒಬ್ಬಳು. ಮೂವರೂ ನಗುತ್ತಿರುವ ಪೋಸ್ಟರು ಬಸ್ ನಿಲ್ದಾಣದಲ್ಲೆಲ್ಲ ಬಂತು. ಬರೆಯುವ ಕೋಣೆ ಮಾತ್ರ ಮೂರನೇ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟು ವರ್ಷವಾಗಿತ್ತು. ಗಾಲಿಕುರ್ಚಿಯ ಹುಡುಗ ಕೆಳಗೆ ಕಾವಲುಗಾರನ ಪಕ್ಕ ಕೂತು ಫೋನಿನಲ್ಲಿ ಮೀಟಿಂಗು ಕೇಳುತ್ತಿದ್ದ.

"ಮೇಲೆ ನಿಂಗೆ ಕುರ್ಚಿ ಕೊಟ್ಟಿದಾರಾ?" ಮೊದಲ ದಿನ ಬಡಿಸುತ್ತಾ ಕೇಳಿದಳು ಇಸ್ತ್ರಿಯಮ್ಮ.

"ಕೊಟ್ಟಿದಾರೆ. ಮೇಜಿನ ಸುತ್ತ ಅಲ್ಲ, ಗೋಡೆ ಪಕ್ಕ. ಮೇಜಿಗೆ ಲೇಖಕರು ಕೂರ್ತಾರೆ. ನಾವು ಅನುಭವ ಸಲಹೆಗಾರರು."

"ಅಂದ್ರೆ?"

"ನಮ್ಮ ಅನುಭವ ಅವರಿಗೆ ಹೇಳೋದು."

"ಅವರು ಏನ್ ಮಾಡ್ತಾರೆ?"

"ಬರೀತಾರೆ."

ಇಸ್ತ್ರಿಯಮ್ಮ ಸಾರಿನ ಸೌಟು ಕೆಳಗಿಟ್ಟಳು. "ಬಟ್ಟೆ ಒಗೆದವರು ಒಬ್ಬರು, ಉಟ್ಕೊಂಡು ಮೆರೆಯೋರು ಇನ್ನೊಬ್ಬರು. ಅದಕ್ಕೆ ನಮ್ಮ ಅಂಗಡಿ ಸಾಲ್ದಾಗಿತ್ತಾ?"

"ಬಾಯ್ಮುಚ್ಚೇ ಸಾಕು," ಅಂದ ಗಂಡ. ಸ್ಕೂಟರಿನಲ್ಲಿ ಮನೆಮನೆಗೆ ಬಟ್ಟೆ ಮುಟ್ಟಿಸುವ ಅವನು, ಆ ವಾರದಿಂದ ಪ್ರತಿ ಬಾಗಿಲಲ್ಲೂ ಐದು ನಿಮಿಷ ಹೆಚ್ಚು ನಿಲ್ಲುತ್ತಿದ್ದ. ಪೋಸ್ಟರಿನ ಫೋಟೋ ಅವನ ಫೋನಿನಲ್ಲಿತ್ತು. "ಮೊದಲು ಗೋಡೆ ಪಕ್ಕ ಕೂರ್ತಾಳೆ, ಆಮೇಲೆ ಮೇಜಿಗೆ ಬರ್ತಾಳೆ. ಎಲ್ಲಾ ಕಡೇನೂ ಹಂಗೇ."

"ನಿಮ್ಮ ಸ್ಕೂಟರಿಗೆ ಮೂವತ್ತು ವರ್ಷ ಆಯ್ತು. ಯಾರಾದ್ರೂ ಒಳಗೆ ಬನ್ನಿ ಕೂತ್ಕೊಳ್ಳಿ ಅಂದಿದಾರಾ?"

ಗಂಡ ತಟ್ಟೆಯತ್ತ ನೋಡಿದ.

ಆ ಮನೆಯಲ್ಲಿ ಈ ಕೆಲಸವನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡವಳು ಅತ್ತೆ. ಎಂಬತ್ತು ದಾಟಿದ ಮುದುಕಿ ಅಕ್ಷರ ಕಲಿತದ್ದು ಎಪ್ಪತ್ತಕ್ಕೆ, ಅದೂ ಧಾರಾವಾಹಿಗಳ ಹೆಸರುಪಟ್ಟಿಯಿಂದ. ಮೊಮ್ಮಗಳು ಪಕ್ಕದಲ್ಲಿ ಕೂತು ಒಂದೊಂದೇ ಹೇಳಿಕೊಟ್ಟಿದ್ದಳು. ಹಾಗಾಗಿ ಬಸ್ಸಿನ ಬೋರ್ಡು ಓದಲು ತಡವರಿಸುವವಳು "ಛಾಯಾಗ್ರಹಣ" ಎಂಬುದನ್ನು ಒಂದೇ ಉಸಿರಿಗೆ ಓದುತ್ತಿದ್ದಳು. ಅವಳಿಗೆ ಅತ್ಯಂತ ಇಷ್ಟದ ಮಾತು "ಸಂಭಾಷಣೆ". ಅದರ ಕೆಳಗೆ ಮೊಮ್ಮಗಳ ಹೆಸರು ಬರುವ ದಿನಕ್ಕಾಗಿ ಸಂಜೆ ಏಳೂವರೆಗೆ ಕನ್ನಡಕ ಒರೆಸಿಕೊಂಡು ಕೂರುತ್ತಿದ್ದಳು.

ಎರಡನೇ ವಾರ ಹೆಸರು ಬಂತು. ಅದು ಬಂದದ್ದು ಕೊನೆಯಲ್ಲಿ, ವಾಹನ ಸೌಕರ್ಯದವರಿಗೂ ಊಟದ ಗುತ್ತಿಗೆದಾರರಿಗೂ ನಡುವೆ, ಇರುವೆ ಸಾಲಿನಷ್ಟು ಸಣ್ಣಗೆ, "ಹೊಸ ದನಿ ಬಳಗ" ಅಂತ. ಅಷ್ಟೇ.

"ಬಳಗ ಅಂದ್ರೆ ನೀನಾ?" ಅತ್ತೆ ಕೇಳಿದಳು.

"ನಾವು ಮೂರು ಜನ ಅಜ್ಜಿ."

"ನಿಂದು ಯಾವಾಗ?"

"ನಾನೇ ಒಂದು ದೃಶ್ಯ ಬರೀತಿದೀನಿ. ಅದು ಒಪ್ಪಿದ್ರೆ ಆ ಕಂತಿಗೆ ಸಂಭಾಷಣೆ ಅಂತ ನನ್ನ ಹೆಸರೇ ಹಾಕ್ತಾರಂತೆ."

ಮುದುಕಿ ಕನ್ನಡಕ ಮಡಚಿಟ್ಟಳು. "ಬರಿ ಮತ್ತೆ. ನಂಗೇನು ಬಹಳ ಪುರಸೊತ್ತಿಲ್ಲ."

ಚೀಟಿ ಬರೆದದ್ದು ಮೊಳೆಯ ಮೇಲಿನ ಎರಡನೇ ಅಂಗಿಯ ಕಥೆ. ಅಜ್ಜಿ ಯಾವಾಗಲೋ ಅವಳ ಕಿವಿಗೆ ಹಾಕಿದ್ದಳು. ಹೊಸ ಸೊಸೆ ಇಸ್ತ್ರಿ ಹಾಕುತ್ತಿದ್ದಾಳೆ, ಗಿರಾಕಿ ಕಾಯುತ್ತಿದ್ದಾನೆ, ಸೊಸೆ ಸಣ್ಣ ದನಿಯಲ್ಲಿ "ಅತ್ತೆ, ಹಣ್ಣಾಯ್ತು" ಅನ್ನುತ್ತಾಳೆ. ಅಲ್ಲಿಗೆ ಮೊದಲ ಹಾಳೆ ಮುಗಿಯುತ್ತದೆ. ಎರಡನೇ ಹಾಳೆಯಲ್ಲಿ ಕಂದು ಕಲೆ, ಗಿರಾಕಿಯ ಸಿಟ್ಟು, ಕೆಂಪು ದಾರ, ಎರಡು ಅಡ್ಡಗೆರೆ. ಮಗಳು ಅಡುಗೆಮನೆಯಲ್ಲಿ ಓದಿ ಹೇಳಿದಾಗ ಇಸ್ತ್ರಿಯಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಅದರಿಂದ ಒಳ್ಳೆಯದೇ ಆಯಿತು, ಕಣ್ಣು ಒರೆಸಿಕೊಂಡದ್ದಕ್ಕೆ ಯಾರೂ ಕಾರಣ ಕೇಳಲಿಲ್ಲ.

"ಚೆನ್ನಾಗಿದೆಯಾ ಅಮ್ಮ?"

"ಪರವಾಗಿಲ್ಲ. ಗಿರಾಕಿ ಇಷ್ಟು ಬೇಗ ತಣ್ಣಗಾಗಲಿಲ್ಲ. ಅರ್ಧ ಗಂಟೆ ಕೂಗಾಡಿದ್ದ."

ಚೀಟಿ ಗಿರಾಕಿಗೆ ನಾಲ್ಕು ಸಾಲು ಬೈಗುಳ ಸೇರಿಸಿ ಕೊಟ್ಟುಬಂದಳು.

ಆ ದೃಶ್ಯ ಪ್ರಸಾರವಾದ ಸಂಜೆ ಅಂಗಡಿಯನ್ನು ಏಳಕ್ಕೇ ಮುಚ್ಚಿ, ಎಲ್ಲರೂ ಟೀವಿ ಮುಂದೆ ಕೂತರು. ಸೊಸೆಯ ವೇಷದವಳು ಜರಿ ಅಂಚಿನ ಸೀರೆ ಉಟ್ಟುಕೊಂಡು, ಉಗುರಿಗೆ ಬಣ್ಣ ಹಚ್ಚಿಕೊಂಡು ಇಸ್ತ್ರಿ ಮಾಡುತ್ತಿದ್ದಳು. ಇಸ್ತ್ರಿಪೆಟ್ಟಿಗೆಯ ವಯರು ನೆಲದ ಮೇಲೆ ಬಿದ್ದಿತ್ತು, ಎಲ್ಲಿಗೂ ಸಿಕ್ಕಿಸಿರಲಿಲ್ಲ. "ಅತ್ತೆ, ಹಣ್ಣಾಯ್ತು" ಅಂದಳು. ಅತ್ತೆಯ ವೇಷದವಳು ಬಂದು ಅಂಗಿಯನ್ನು ಕೆನ್ನೆಗೆ ಒತ್ತಿಕೊಂಡು, "ಹೌದು ಮಗಳೇ, ಹಣ್ಣಾಯ್ತು" ಎಂದು ಕಣ್ಣೀರು ಸುರಿಸಿದಳು. ಪಿಟೀಲು ಗೋಳಾಡಿತು. ಅಲ್ಲಿಗೆ ಮುಗಿಯಿತು. ಹೆಸರುಪಟ್ಟಿಯಲ್ಲಿ ಸಂಭಾಷಣೆಯ ಕೆಳಗೆ ಯಾವಾಗಲೂ ಬರುವ ಹಿರಿಯ ಲೇಖಕನ ಹೆಸರೇ ಬಂತು, ಅಂಗೈಯಷ್ಟು ದಪ್ಪ ಅಕ್ಷರದಲ್ಲಿ.

ಗಂಡ ಎದ್ದು ಟೀವಿಯ ದನಿ ತಗ್ಗಿಸಿದ.

"ಅಂಗಿ ಸುಟ್ಟಿದ್ದಕ್ಕೆ ಅವಳು ಯಾಕೆ ಮುದ್ದಾಡಿದ್ಲು?" ಅತ್ತೆ ಕೇಳಿದಳು.

"ಸುಟ್ಟಿದೆ ಅಂತ ಅವರಿಗೆ ಗೊತ್ತೇ ಇಲ್ಲ ಅಜ್ಜಿ," ಅಂದಳು ಚೀಟಿ. "ಹಿರಿಯರು ಮೊದಲ ಹಾಳೆ ಮಾತ್ರ ಓದಿದಾರೆ. ಎರಡನೇದು ತಿರುಗಿಸಿಲ್ಲ. ಹಣ್ಣಾಯ್ತು ಅಂದ್ರೆ ಇಸ್ತ್ರಿ ಚೆನ್ನಾಗಿ ಬಂತು ಅಂತ ತಿಳ್ಕೊಂಡಿದಾರೆ."

ಇಸ್ತ್ರಿಯಮ್ಮನಿಗೆ ನಗು ಬಂತು, ಹಿಂದೆಯೇ ಮೈಯೆಲ್ಲ ಉರಿಯಿತು. "ನಮ್ಮತ್ತೆ ಇನ್ನೊಬ್ಬರ ತಪ್ಪಿಗೆ ತನ್ನ ಹೆಸರು ಹಾಕ್ಕೊಂಡ್ರು. ಈ ಮಹಾನುಭಾವ ಇನ್ನೊಬ್ಬರ ಕೆಲಸಕ್ಕೆ ಹಾಕ್ಕೊಂಡಿದಾನೆ. ಕದಿಯೋದು ಕದ್ದ, ಪೂರ್ತಿ ಓದಿಯಾದ್ರೂ ಕದೀಬಾರ್ದಾ? ಕಳ್ಳತನಕ್ಕೂ ಸೋಮಾರಿ."

"ದೊಡ್ಡವರ ಬಗ್ಗೆ ಹಂಗೆಲ್ಲ ಮಾತಾಡ್ಬೇಡ," ಅಂದ ಗಂಡ. "ಕೆಲಸ ಹೋದ್ರೆ ಏನ್ ಮಾಡ್ತಾಳೆ?"

"ಕೆಲಸ ಹೋಗಿ ಎಷ್ಟೊತ್ತಾಯ್ತು. ಈಗ ತಾನೇ ಪಿಟೀಲು ಬಾರಿಸ್ಕೊಂಡು ಹೋಯ್ತಲ್ಲ."

ಮರುದಿನ ಚೀಟಿ ಸಲಹೆಯ ನಮೂನೆ ತುಂಬಿಕೊಟ್ಟಳು. ಸಲಹೆಗಾರರು ಮೀಟಿಂಗಿನಲ್ಲಿ ಬಾಯಿ ಹಾಕುವಂತಿಲ್ಲ, ಬರೆದೇ ಕೊಡಬೇಕು. ಅದಕ್ಕೊಂದು ಹಸಿರು ಹಾಳೆ, ಮೂರು ಪ್ರತಿ, ಕಚೇರಿಯ ಮೊಹರು. "ಹಣ್ಣಾಯ್ತು ಎಂದರೆ ಬಟ್ಟೆ ಸುಟ್ಟಿದೆ ಎಂದರ್ಥ. ದೃಶ್ಯದ ಎರಡನೇ ಹಾಳೆ ನೋಡಿ. ಬರೆದವಳ ಹೆಸರು ಬಿಟ್ಟುಹೋಗಿದೆ." ಉತ್ತರ ಬರಲಿಲ್ಲ. ಮುಂದಿನ ವಾರ ಇನ್ನೊಂದು ಕೊಟ್ಟಳು, ಅದರ ಮುಂದಿನ ವಾರ ಮತ್ತೊಂದು. ಮೂರಕ್ಕೂ ಮೊಹರು ಬಿತ್ತು. ಯಾರೂ ಓದಲಿಲ್ಲ.

ಅಷ್ಟರಲ್ಲಿ ಆ ಮಾತು ಊರೆಲ್ಲ ಹಬ್ಬಿತ್ತು. ಕೇಶ ತೈಲದ ಜಾಹೀರಾತಿನಲ್ಲಿ ಕೂದಲು ಹಣ್ಣಾಯಿತು. ಹಿರಿಯ ಲೇಖಕ ಟೀವಿಯಲ್ಲಿ ಕೂತು ತನ್ನ ಬೆಳ್ಳಿಗಡ್ಡ ನೀವಿಕೊಳ್ಳುತ್ತಾ, "ನಾನು ಓಣಿ ಓಣಿ ಅಲೆದು ಹೆಕ್ಕಿದ ಮಾತು ಇದು. ಶ್ರಮಿಕರ ಕಾವ್ಯ," ಅಂದ. ಆವತ್ತಿನಿಂದ ಇಸ್ತ್ರಿಯಮ್ಮ ಅವನಿಗೆ ಬೆಳ್ಳಿಗಡ್ಡ ಎಂದೇ ಹೆಸರಿಟ್ಟಳು. ಓಣಿಯಲ್ಲಿ ಅವನ ಚಪ್ಪಲಿ ಕೂಡ ಯಾರೂ ಕಂಡಿರಲಿಲ್ಲ.

ಗಿರಾಕಿಗಳೂ ಶುರುಮಾಡಿದರು. ಬ್ಯಾಂಕಿನವನು ಪ್ಯಾಂಟುಗಳ ಗಂಟು ಮೇಜಿನ ಮೇಲಿಟ್ಟು, "ಚೆನ್ನಾಗಿ ಹಣ್ಣು ಮಾಡಿ ಕೊಡಿ ಅಮ್ಮ," ಎಂದು ಹಲ್ಲು ಕಿರಿದ.

"ಬೇಡ ಸ್ವಾಮಿ. ಬರೀ ಇಸ್ತ್ರಿ ಮಾಡಿ ಕೊಡ್ತೀನಿ," ಅಂದಳು ಇಸ್ತ್ರಿಯಮ್ಮ. ಮೂವತ್ತು ವರ್ಷ ಕಾಪಾಡಿಕೊಂಡ ಗುಟ್ಟಿನ ಮಾತು ಸಂತೆಗೆ ಬಿದ್ದು ಹಾಳಾಗಿತ್ತು. ಇನ್ನು ಬಟ್ಟೆ ಸುಟ್ಟರೆ ಏನೆಂದು ಹೇಳುವುದೋ ಅವಳಿಗೆ ತಿಳಿಯಲಿಲ್ಲ.

ಹತ್ತನೇ ವಾರ "ಹೊಸ ದನಿ" ಯೋಜನೆಯ ಮೇಲ್ವಿಚಾರಕಿ ಮನೆಗೇ ಬಂದಳು. ಚೀಟಿ ಅವಳನ್ನು ದನಿ ಮೇಡಂ ಅನ್ನುತ್ತಿದ್ದಳು. ಇಸ್ತ್ರಿಯಮ್ಮ ಕೊಟ್ಟ ಚಹಾವನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ, "ಎಷ್ಟು ಜೀವಂತವಾಗಿದೆ ಈ ಜಾಗ," ಅಂದಳು.

"ಜನ ಇದೀವಲ್ಲ," ಅಂದಳು ಇಸ್ತ್ರಿಯಮ್ಮ.

ದನಿ ಮೇಡಂ ತಂದ ವಿಷಯ ಹೀಗಿತ್ತು. ಬೆಳ್ಳಿಗಡ್ಡನಿಗೆ ಶನಿವಾರ ಸಂಜೆ ಉತ್ತಮ ಸಂಭಾಷಣೆಯ ಬಹುಮಾನ. ಅದಕ್ಕೆ ಮೊದಲು ಒಂದು ನಿಮಿಷದ ಪ್ರಚಾರದ ತುಣುಕು ಬೇಕು. ಬೆಳ್ಳಿಗಡ್ಡ ಅಂಗಡಿಗೆ ಬಂದು ಬಹುಮಾನಕ್ಕೆ ತೊಡುವ ರೇಷ್ಮೆ ಅಂಗಿಯನ್ನು ಕೊಡುತ್ತಾನೆ. ಇಸ್ತ್ರಿಯಮ್ಮ ಇಸ್ತ್ರಿ ಮಾಡಿ, ಅಂಗಿ ಎತ್ತಿ ತೋರಿಸಿ, "ಹಣ್ಣಾಯ್ತು" ಅನ್ನಬೇಕು.

"ಅದಕ್ಕೆ ನನ್ನ ಮಗಳ ಹೆಸರು?"

"ಖಂಡಿತ. ಇದೊಂದು ಚೆನ್ನಾಗಿ ಆಗಿಬಿಡಲಿ, ಸೋಮವಾರದಿಂದ ಸಂಭಾಷಣೆಯಲ್ಲಿ ಇವರ ಹೆಸರೂ ಹಾಕಿಸ್ತೀನಿ. ಹಿರಿಯರ ಜೊತೆ ಮಾತಾಡಿದೀನಿ."

"ಆ ಹಸಿರು ಹಾಳೆ ಯಾರಾದ್ರೂ ಓದಿದ್ರಾ?"

"ಯಾವ ಹಸಿರು ಹಾಳೆ?" ಅಂದಳು ದನಿ ಮೇಡಂ.

ಅವಳು ಹೋದ ಮೇಲೆ ಮನೆಯಲ್ಲಿ ಜಗಳ ಹತ್ತಿತು. "ಒಂದು ಮಾತು ತಾನೇ. ಅಂದುಬಿಡು," ಅಂದ ಗಂಡ. "ಸುಟ್ಟಿದೆ ಅಂತಾದ್ರೂ ತಿಳ್ಕೊಳ್ಲಿ, ಚೆನ್ನಾಗಿದೆ ಅಂತಾದ್ರೂ ತಿಳ್ಕೊಳ್ಲಿ. ನಮಗೇನು?"

"ಸುಡದೇ ಇರೋ ಬಟ್ಟೆಗೆ ಸುಟ್ಟಿದೆ ಅಂತ ಇಡೀ ಊರ ಮುಂದೆ ನಾನು ಹೇಳ್ಲಾ?"

"ನಿನ್ನ ಅಹಂಕಾರಕ್ಕೆ ಅವಳ ಹೆಸರು ಬಲಿ ಕೊಡ್ಬೇಡ."

ಆ ಮಾತು ಚುಚ್ಚಿತು. ಇಸ್ತ್ರಿಯಮ್ಮ ಮಗಳ ಕಡೆ ನೋಡಿದಳು. ಮಗಳು ಒಣಗಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಿದ್ದಳು. ಮೂಲೆಯಲ್ಲಿ ಅತ್ತೆ ಕನ್ನಡಕ ಒರೆಸುತ್ತಿದ್ದಳು, ಏಳೂವರೆಯಾಗುವುದಕ್ಕೆ ಇನ್ನೂ ಎರಡು ಗಂಟೆ ಇತ್ತು.

"ಆಯ್ತು," ಅಂದಳು ಇಸ್ತ್ರಿಯಮ್ಮ. "ಅಂತೀನಿ."

ಶನಿವಾರ ಬೆಳಿಗ್ಗೆ ಹತ್ತಕ್ಕೆ ದೀಪ, ಛತ್ರಿ, ಕ್ಯಾಮೆರಾ ಎಲ್ಲ ಬಂದವು. ಅಂಗಡಿ ತುಂಬ ಚೊಕ್ಕಟವಾಗಿದೆ ಎಂದು ಯಾರೋ ಗೋಡೆಗೆ ಮಸಿ ಬಳಿದರು. ಇಸ್ತ್ರಿಯಮ್ಮ ಅದಕ್ಕೆಂದೇ ಉಟ್ಟಿದ್ದ ಒಳ್ಳೆಯ ಸೀರೆಯನ್ನು ಬದಲಿಸಿ ಹಳೆಯದು ಉಡಲು ಹೇಳಿದರು. ಬೆಳ್ಳಿಗಡ್ಡ ಹನ್ನೊಂದೂವರೆಗೆ ಬಂದ. ಕೈಯಲ್ಲಿ ಕೆನೆಬಣ್ಣದ ರೇಷ್ಮೆ ಅಂಗಿ. ಬಟ್ಟೆ ನಿಜಕ್ಕೂ ಒಳ್ಳೆಯದು, ಇಸ್ತ್ರಿಯಮ್ಮನಿಗೆ ಬೆರಳಿಗೇ ತಿಳಿಯಿತು.

ಕ್ಯಾಮೆರಾ ಓಡಿತು. ಅವಳು ಹದ ನೋಡಿ, ಮೇಲೆ ಹತ್ತಿಬಟ್ಟೆ ಹಾಸಿ, ಸುಕ್ಕು ಬಿಡಿಸಿ ಅಂಗಿಯನ್ನು ಎತ್ತಿ ಹಿಡಿದಳು. ಒಂದು ಗೆರೆ ಕೂಡ ತಪ್ಪಿರಲಿಲ್ಲ. ಅದನ್ನು ನೋಡನೋಡುತ್ತಲೇ ಅವಳ ಬಾಯಿ ಬೇರೆಯೇ ಹೇಳಿತು. "ಆಯ್ತು ಸಾರ್."

"ಕಟ್. ಹಣ್ಣಾಯ್ತು ಅನ್ನಿ ಅಮ್ಮ."

ಮತ್ತೆ ಮಾಡಿದರು. ಈ ಸಲ ಅವಳು ಏನೂ ಅನ್ನದೆ ನಿಂತಳು. ಮೂರನೇ ಸಲ ಅಂಗಿ ಕೆಳಗಿಟ್ಟು ಹೇಳಿದಳು, "ಇದು ಹಣ್ಣಾಗಿಲ್ಲ ಸಾರ್. ಆಗದೇ ಇರೋದನ್ನ ಆಗಿದೆ ಅಂತ ಹೇಳೋಕೆ ಬಾಯಿ ಬರ್ತಿಲ್ಲ."

ಬೆಳ್ಳಿಗಡ್ಡ ಗದ್ಗದಿತನಾದ. "ನೋಡಿ, ಕಸುಬಿನ ನಿಷ್ಠೆ ನೋಡಿ," ಎಂದು ಎಲ್ಲರ ಕಡೆ ತಿರುಗಿದ. "ಹಾಗಾದ್ರೆ ಹಣ್ಣು ಮಾಡಿ ಅಮ್ಮ. ಎಷ್ಟು ಹೊತ್ತಾದ್ರೂ ಸರಿ. ಪೂರ್ತಿ ಹಣ್ಣಾಗೋವರೆಗೆ ಬಿಡಬೇಡಿ. ಅಷ್ಟರಲ್ಲಿ ನಾನು ಕ್ಯಾಮೆರಾಗೆ ನಾಲ್ಕು ಮಾತಾಡ್ತೀನಿ."

"ಹಣ್ಣಾದ್ರೆ ಆಮೇಲೆ ಸಂಜೆಗೆ ಹಾಕ್ಕೊಳೋಕಾಗಲ್ಲ ಸಾರ್."

"ಆಹಾ. ಅಷ್ಟು ಅಮೂಲ್ಯ ಅಂತ," ಅಂದ ಬೆಳ್ಳಿಗಡ್ಡ. "ಮೇಡಂ, ಈ ಸಾಲು ಬರ್ಕೊಳ್ಳಿ, ಉಪಯೋಗಕ್ಕೆ ಬರುತ್ತೆ."

ದನಿ ಮೇಡಂ ಬರೆದುಕೊಂಡಳು.

ಇಸ್ತ್ರಿಯಮ್ಮ ಮಗಳನ್ನು ಹುಡುಕಿದಳು. ಚೀಟಿ ತನ್ನ ಮನೆಯಲ್ಲೂ ಗೋಡೆಯ ಪಕ್ಕವೇ ನಿಂತಿದ್ದಳು, ಹಸಿ ಮಸಿ ತೋಳಿಗೆ ಹತ್ತಿತ್ತು. "ಏನೇ, ಹಣ್ಣು ಮಾಡು ಅಂತಿದಾರಲ್ಲ. ಮಾಡ್ಲಾ?"

ತಾಯಿ ಕೇಳುತ್ತಿರುವುದು ಏನೆಂದು ಮಗಳಿಗೆ ಗೊತ್ತಿತ್ತು. ಸೋಮವಾರ ಗೊತ್ತಿತ್ತು, ಸಂಭಾಷಣೆಯ ಕೆಳಗಿನ ಜಾಗ ಗೊತ್ತಿತ್ತು, ಬಾಗಿಲ ಸಂದಿಯಲ್ಲಿ ಕಣ್ಣು ಕೀಲಿಸಿ ಕೂತ ಅಜ್ಜಿ ಗೊತ್ತಿದ್ದಳು. ಬೆಳ್ಳಿಗಡ್ಡನೂ ಅವಳತ್ತ ತಿರುಗಿ, ಹತ್ತು ವಾರದಲ್ಲಿ ಮೊದಲ ಸಲ, "ನಿಮ್ಮ ಸಲಹೆ ಏನಮ್ಮ?" ಎಂದು ನಕ್ಕ.

"ಮೂರು ಸಲ ಬರೆದು ಕೊಟ್ಟಿದೀನಿ ಸಾರ್," ಅಂದಳು ಚೀಟಿ. ಆಮೇಲೆ ತಾಯಿಗೆ ಹೇಳಿದಳು. "ಅವರು ಲೇಖಕರು ಅಮ್ಮ. ಅವರು ಹೇಳಿದ ಹಾಗೆ ಮಾಡು."

ಇಸ್ತ್ರಿಯಮ್ಮ ಹತ್ತಿಬಟ್ಟೆ ತೆಗೆದಳು. ಶಾಖದ ಗುಂಡಿಯನ್ನು ಕೊನೆಯ ಗೆರೆಗೆ ತಿರುಗಿಸಿ, ಕಾದ ಇಸ್ತ್ರಿಪೆಟ್ಟಿಗೆಯನ್ನು ಬೆನ್ನಿನ ನಡುಮಧ್ಯಕ್ಕೆ ಇಟ್ಟು ಕೈ ಕಟ್ಟಿ ನಿಂತಳು. ಮೇಜಿಗೆ ಬೆನ್ನು ಹಾಕಿ ನಿಂತ ಬೆಳ್ಳಿಗಡ್ಡ ಕ್ಯಾಮೆರಾಕ್ಕೆ ಹೇಳುತ್ತಿದ್ದ. "ಕೇಳುವ ಕಿವಿ ಬೇಕು. ನಾನು ಕೇಳಿಸಿಕೊಂಡೆ. ಕಾದ ಬಟ್ಟೆಯ ಈ ಪರಿಮಳವಿದೆಯಲ್ಲ, ಇದು ನನ್ನ ಬರವಣಿಗೆಯಲ್ಲಿ..." ಅಷ್ಟರಲ್ಲಿ ಕೂದಲು ಸುಟ್ಟ ವಾಸನೆ ಕೋಣೆ ತುಂಬಿತು. ದೀಪ ಹಿಡಿದವನು ಕೆಮ್ಮಿದ. ದನಿ ಮೇಡಂ ಮೂಗು ಮುಚ್ಚಿಕೊಂಡಳು.

ಇಸ್ತ್ರಿಯಮ್ಮ ಪೆಟ್ಟಿಗೆ ಎತ್ತಿ ನಿಲ್ಲಿಸಿ, ಅಂಗಿಯನ್ನು ಎರಡೂ ಭುಜ ಹಿಡಿದು ಎತ್ತಿದಳು. ಬೆನ್ನಿನ ನಡುವೆ ಇಸ್ತ್ರಿಪೆಟ್ಟಿಗೆಯ ಅಚ್ಚು, ಕಡು ಕಂದು, ಅಂಚಿನಲ್ಲಿ ಸಣ್ಣಗೆ ಹೊಗೆ.

"ಹಣ್ಣಾಯ್ತು," ಅಂದಳು. ಈ ಸಲ ಮಾತು ಸಲೀಸಾಗಿ ಬಂತು.

ಬೆಳ್ಳಿಗಡ್ಡ ತಿರುಗಿ ನೋಡಿದ. ಅಂಗಿ ನೋಡಿದ, ಅವಳನ್ನು ನೋಡಿದ. ಕೊನೆಗೆ, "ಏನ್ರೀ ಇದು, ಸುಟ್ಟುಹಾಕಿಬಿಟ್ರಲ್ರೀ," ಅಂದ.

"ಎರಡನೇ ಹಾಳೆಯಲ್ಲಿ ಇತ್ತು ಸಾರ್," ಅಂದಳು ಇಸ್ತ್ರಿಯಮ್ಮ. "ನಮ್ಮಿಂದ ಸುಟ್ರೆ ಹೊಸ ಅಂಗಿ ಕೊಡೋದು ಈ ಮನೆ ಪದ್ಧತಿ. ಕೇಳಿ ಸುಡಿಸ್ಕೊಂಡೋರಿಗೆ ಏನ್ ಕೊಡೋದು ಅಂತ ಪದ್ಧತಿ ಇಲ್ಲ. ಇದೇ ಮೊದಲು."

ಹದಿನೈದು ನಿಮಿಷದಲ್ಲಿ ದೀಪ, ಛತ್ರಿ, ಕ್ಯಾಮೆರಾ ಎಲ್ಲ ಖಾಲಿಯಾದವು. ಗೋಡೆಯ ಮಸಿಯನ್ನು ಮಾತ್ರ ಬಿಟ್ಟುಹೋದರು. ಆ ಸಂಜೆ ಬೆಳ್ಳಿಗಡ್ಡ ಯಾರದೋ ಬಿಗಿ ಅಂಗಿ ತೊಟ್ಟು, ಹೊಟ್ಟೆಯ ಮೇಲೆ ಗುಂಡಿ ಎಳೆದುಕೊಂಡು ಬಹುಮಾನ ತೆಗೆದುಕೊಂಡದ್ದನ್ನು ಅತ್ತೆ ಟೀವಿಯಲ್ಲಿ ನೋಡಿದಳು. ಓಣಿಯ ತಾಯಂದಿರಿಗೆಲ್ಲ ಅವನು ವಂದನೆ ಹೇಳಿದ. ಯಾವ ಓಣಿ ಎಂದು ಹೇಳಲಿಲ್ಲ.

ಸೋಮವಾರ ಚೀಟಿಗೆ ಕಾಗದ ಬಂತು: ಸಲಹೆಯ ಅಗತ್ಯ ಮುಗಿದಿದೆ. ಏಳೂವರೆಗೆ ಹೆಸರುಪಟ್ಟಿಯಲ್ಲಿ ಬಳಗವೂ ಇರಲಿಲ್ಲ. ಗಂಡ ಇಸ್ತ್ರಿಯಮ್ಮನ ಜೊತೆ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಮಗಳು ಬರಹಗಾರರ ಸಂಘಕ್ಕೆ ದೂರು ಬರೆದು, ಆ ದೃಶ್ಯದ ಎರಡೂ ಹಾಳೆ, ಮೊಹರು ಬಿದ್ದ ಮೂರು ಹಸಿರು ಹಾಳೆ ಲಗತ್ತಿಸಿದಾಗ, ಸ್ಕೂಟರಿನಲ್ಲಿ ಅದನ್ನು ಮುಟ್ಟಿಸಿ ಬಂದವನು ಅವನೇ. "ಒಳಗೆ ಕರೆದು ಕೂರಿಸಿದ್ರು," ಅಂದ ಊಟಕ್ಕೆ ಕೂತು. "ವಿಚಾರಣೆ ಮುಂದಿನ ತಿಂಗಳಂತೆ. ಏನಾಗುತ್ತೋ ಗೊತ್ತಿಲ್ಲ."

"ಕೂರಿಸಿದ್ರಲ್ಲ," ಅಂದಳು ಇಸ್ತ್ರಿಯಮ್ಮ, ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕುತ್ತಾ.

ಊಟವಾದ ಮೇಲೆ ಬೆಳ್ಳಿಗಡ್ಡ ಬಿಟ್ಟುಹೋದ ರೇಷ್ಮೆ ಅಂಗಿಯನ್ನು ಅವಳು ತೊಡೆಯ ಮೇಲೆ ಹರಡಿಕೊಂಡಳು. ಸೂಜಿಗೆ ಕೆಂಪು ದಾರ ಪೋಣಿಸಿ ಕಾಲರಿನ ಒಳಗೆ ತನ್ನ ಗುರುತು ಹಾಕಿದಳು, ಒಂದು ಚುಕ್ಕೆ.

"ನಂದೂ ಹಾಕು," ಅಂದಳು ಚೀಟಿ. "ಸುಡು ಅಂದೋಳು ನಾನು."

"ಹಾಕ್ತಿದೀನಿ, ಇರು."

ಅಕ್ಷರ ಹೊಲಿದು ರೂಢಿಯಿಲ್ಲದ ಕೈ. ತುಂಬ ಹೊತ್ತು ಹಿಡಿಯಿತು. ಮುಗಿದ ಮೇಲೆ ದಾರವನ್ನು ಹಲ್ಲಿನಿಂದ ಕಡಿದು, ಅಂಗಿಯನ್ನು ಅತ್ತೆಯ ಕೈಗೆ ಕೊಟ್ಟಳು. ಮುದುಕಿ ಕನ್ನಡಕ ಏರಿಸಿಕೊಂಡು, ಕಾಲರನ್ನು ದೀಪಕ್ಕೆ ಹಿಡಿದು, ಬೆರಳಿಟ್ಟು ಓದಿದಳು.

"ಸಂಭಾಷಣೆ," ಒಂದೇ ಉಸಿರಿಗೆ. ಆಮೇಲೆ ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿ, ಮೊಮ್ಮಗಳ ಪೂರ್ತಿ ಹೆಸರನ್ನು ಒಂದಕ್ಷರವೂ ಬಿಡದೆ ಎರಡು ಸಲ ಓದಿದಳು.